ಮಗನಿಗೆ ಡಿಎಂಡಿ ಎಂದು ಗೊತ್ತಾದ ಮನೆಯಲ್ಲಿ ‘ಯಾರ ಕಡೆಯಿಂದ ಬಂತು’ ಎಂಬ ಪ್ರಶ್ನೆ

ಪ್ರಶ್ನೆ: ನಮ್ಮದು ಸಕಲೇಶಪುರ ತಾಲ್ಲೂಕಿನ ಒಂದು ಹಳ್ಳಿ. ಮಗನಿಗೆ ಆರು ವರ್ಷ, 18 ಕೆ.ಜಿ. ತೂಕ. ಮೆಟ್ಟಿಲು ಹತ್ತಲು ಕಷ್ಟಪಡುತ್ತಿದ್ದ, ಆಗಾಗ ಬೀಳುತ್ತಿದ್ದ. ಸೋಮಾರಿ ಅಂತ ಬೈದಿದ್ದೇನೆ, ಒಂದೆರಡು ಸಲ ಹೊಡೆದೂ ಇದ್ದೇನೆ. ಎರಡು ವರ್ಷದ ಹಿಂದೆ ರಕ್ತಪರೀಕ್ಷೆಯಲ್ಲಿ ಎಸ್‌ಜಿಪಿಟಿ ಜಾಸ್ತಿ ಇದೆ ಎಂದಾಗ ಕಾಮಾಲೆ ಇರಬೇಕೆಂದು ನಾಟಿ ಔಷಧಿ ಕೊಡಿಸಿದೆವು. ಹೋದ ತಿಂಗಳು ಬೆಂಗಳೂರಿನಲ್ಲಿ ಪರೀಕ್ಷೆ ಮಾಡಿ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ (ಡಿಎಂಡಿ), ಸ್ನಾಯುಗಳು ಸವೆಯುವ ಕಾಯಿಲೆ ಎಂದರು. ರಿಪೋರ್ಟಿನಲ್ಲಿ ‘ಎಕ್ಸಾನ್ 45–50 ಡಿಲೀಷನ್’ ಅಂತ ಇದೆ. ಇದು ತಾಯಿಯಿಂದ ಬರುವ ಕಾಯಿಲೆ ಎಂದು ಕೇಳಿದಾಗಿನಿಂದ ಅತ್ತೆ ‘ನಿನ್ನ ತವರಿನ ರಕ್ತ’ ಅನ್ನುತ್ತಾರೆ. ಯಜಮಾನರು ಮಾತೇ ಆಡುವುದಿಲ್ಲ, ರಾತ್ರಿಯೆಲ್ಲ ಮೊಬೈಲಿನಲ್ಲಿ ಔಷಧಿ ಹುಡುಕುತ್ತಾರೆ. ನನ್ನ ತಂಗಿಗೆ ಮಾರ್ಚ್‌ನಲ್ಲಿ ಮದುವೆ. ಅವಳಿಗೆ ಹೇಳಬೇಕೆ? ನಮಗೆ ಮೂರು ವರ್ಷದ ಮಗಳೂ ಇದ್ದಾಳೆ. ಇದಕ್ಕೆಲ್ಲ ನಾನೇ ಕಾರಣವೇ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇವೆ. ಅಲ್ಲ, ನೀವು ಕಾರಣರಲ್ಲ. ಬಸುರಿಯಾಗಿದ್ದಾಗ ನೀವು ತಿಂದದ್ದು, ಬಿಟ್ಟದ್ದು, ತೋಟದಲ್ಲಿ ಬಗ್ಗಿ ಹಣ್ಣು ಆಯ್ದದ್ದು, ಗ್ರಹಣದ ದಿನ ಹೊರಗೆ ಬಂದದ್ದು, ಯಾವುದಕ್ಕೂ ಇದಕ್ಕೂ ಸಂಬಂಧವಿಲ್ಲ. ‘ತಾಯಿಯಿಂದ ಬರುವ ಕಾಯಿಲೆ’ ಎಂದು ಆಸ್ಪತ್ರೆಯಲ್ಲಿ ಹೇಳಿದ ಮಾತು ಮನೆ ತಲುಪುವಷ್ಟರಲ್ಲಿ ‘ತಾಯಿಯ ತಪ್ಪಿನಿಂದ ಬಂದ ಕಾಯಿಲೆ’ ಆಗಿಬಿಡುತ್ತದೆ. ನಿಮ್ಮ ಪತ್ರದಲ್ಲಿರುವ ಉಳಿದ ಗಂಟುಗಳೆಲ್ಲ ಈ ಒಂದು ಮಾತಿಗೇ ಸುತ್ತಿಕೊಂಡಿವೆ. ಅದಕ್ಕೇ ಮೊದಲು ಅದನ್ನು ಬಿಡಿಸೋಣ.

ಸ್ನಾಯುವಿಗೆ ಬೇಕಾದ ಡಿಸ್ಟ್ರೋಫಿನ್ ಎಂಬ ಪ್ರೋಟೀನು ತಯಾರಾಗದಿದ್ದಾಗ ಡಿಎಂಡಿ ಬರುತ್ತದೆ. ಅದನ್ನು ತಯಾರಿಸುವ ಜೀನು ಎಕ್ಸ್ ಎಂಬ ವರ್ಣತಂತುವಿನ ಮೇಲಿದೆ. ಹೆಣ್ಣಿಗೆ ಎರಡು ಎಕ್ಸ್. ಗಂಡಿಗೆ ಒಂದು ಎಕ್ಸ್, ಒಂದು ವೈ. ಗಂಡುಮಗುವಿಗೆ ತಂದೆ ಕೊಡುವುದು ವೈ, ಎಕ್ಸ್ ಬರುವುದು ತಾಯಿಯಿಂದ ಮಾತ್ರ. ‘ತಾಯಿಯಿಂದ’ ಎಂಬ ಮಾತಿನ ಅರ್ಥ ಇಷ್ಟೇ. ಜೀನು ಬಂದ ದಾರಿ ಅದು. ದಾರಿಯಲ್ಲಿ ನಿಂತವರನ್ನು ತಪ್ಪಿತಸ್ಥರು ಎನ್ನಲಾಗುವುದಿಲ್ಲ.

ಇನ್ನೊಂದು ವಿಷಯ ನಿಮ್ಮ ಮನೆಯಲ್ಲಿ ಯಾರಿಗೂ ಗೊತ್ತಿದ್ದಂತಿಲ್ಲ. ಡಿಸ್ಟ್ರೋಫಿನ್ ಜೀನು ಮನುಷ್ಯನ ಅತಿ ಉದ್ದದ ಜೀನುಗಳಲ್ಲಿ ಒಂದು: ಪ್ರೋಟೀನಿನ ಬರಹವಿರುವ ತುಂಡುಗಳಾದ 79 ಎಕ್ಸಾನ್‌ಗಳು, ಸುಮಾರು 22 ಲಕ್ಷ ಅಕ್ಷರಗಳು. ಇಷ್ಟು ಉದ್ದದ ಬರಹವನ್ನು ಪ್ರತಿ ತಲೆಮಾರಿನಲ್ಲೂ ನಕಲು ಮಾಡುವಾಗ ತಪ್ಪು ನುಸುಳುವ ಸಂಭವ ಹೆಚ್ಚು. ಡಿಎಂಡಿ ಇರುವ ಹುಡುಗರಲ್ಲಿ ಸುಮಾರು ಮೂರರಲ್ಲಿ ಒಬ್ಬನಿಗೆ ಈ ತಪ್ಪು ಹೊಸದಾಗಿ ಆದದ್ದು. ತಾಯಿಯ ರಕ್ತದಲ್ಲಿ ಅದು ಇರುವುದೇ ಇಲ್ಲ. ಅಂದರೆ ನಿಮ್ಮನ್ನು ಪರೀಕ್ಷೆ ಮಾಡುವವರೆಗೆ ‘ತವರಿನ ರಕ್ತ’ ಎನ್ನುವ ಮಾತಿಗೆ ಆಧಾರವೇ ಇಲ್ಲ. ಪರೀಕ್ಷೆಯಲ್ಲಿ ನೀವು ವಾಹಕಿ (ತನಗೆ ಕಾಯಿಲೆ ಇಲ್ಲದೆ ಬದಲಾದ ಜೀನನ್ನು ಹೊತ್ತವಳು) ಎಂದು ಬಂದರೂ ಆ ಬದಲಾವಣೆ ನಿಮ್ಮಲ್ಲೇ ಮೊದಲಾಗಿರಬಹುದು, ನಿಮ್ಮ ತಾಯಿಯಲ್ಲೋ ಅಜ್ಜಿಯಲ್ಲೋ ಆಗಿರಬಹುದು. ಹುಟ್ಟುವ ಪ್ರತಿ ಮಗುವಿನಲ್ಲೂ ತಂದೆತಾಯಿ ಇಬ್ಬರಲ್ಲೂ ಇಲ್ಲದ ಹೊಸ ಬದಲಾವಣೆಗಳು ಸರಾಸರಿ 60–70 ಇರುತ್ತವೆ. ಹೆಚ್ಚಿನವು ಎಲ್ಲೋ ಯಾರಿಗೂ ತೊಂದರೆ ಕೊಡದ ಜಾಗದಲ್ಲಿ ಬೀಳುತ್ತವೆ. ನಿಮ್ಮ ಅತ್ತೆಯವರ ಮೈಯಲ್ಲೂ ಇವೆ, ಇದನ್ನು ಓದುತ್ತಿರುವ ಎಲ್ಲರ ಮೈಯಲ್ಲೂ ಇವೆ.

ಅತ್ತೆಯವರಿಗೆ ಇದನ್ನು ನೀವೇ ಹೇಳಲು ಹೋಗಬೇಡಿ. ಸೊಸೆ ಹೇಳಿದರೆ ಅದು ಎದುರುತ್ತರ ಎನಿಸಿಕೊಳ್ಳುತ್ತದೆ. ಮುಂದಿನ ಸಲ ಬೆಂಗಳೂರಿಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ. ಜೆನೆಟಿಕ್ ಕೌನ್ಸೆಲಿಂಗ್‌ನಲ್ಲಿ ಹಾಳೆಯ ಮೇಲೆ ಎರಡು ಎಕ್ಸ್, ಒಂದು ವೈ ಬರೆದು ತೋರಿಸಲು ಕೇಳಿ. ‘ಅಜ್ಜಿ, ಇದರಲ್ಲಿ ಯಾರ ತಪ್ಪೂ ಇಲ್ಲ’ ಎಂದು ಬಿಳಿ ಕೋಟಿನವರ ಬಾಯಲ್ಲಿ ಬಂದರೆ ಮನೆಯಲ್ಲಿ ಅದರ ತೂಕವೇ ಬೇರೆ. ಅವರೂ ಮೊಮ್ಮಗನಿಗಾಗಿ ಹೆದರಿದ್ದಾರೆ ಎನ್ನುವುದನ್ನು ಮರೆಯಬೇಡಿ. ಕಾರಣ ಒಂದು ಕಡೆ ಸಿಕ್ಕಿತು ಅನ್ನಿಸಿದರೆ ಹೆದರಿಕೆ ಸ್ವಲ್ಪ ಇಳಿಯುತ್ತದೆ, ಬಹಳ ಮನೆಗಳಲ್ಲಿ ದೂಷಣೆ ಹುಟ್ಟುವುದು ಹೀಗೆ. ಆದರೆ ನಿಮ್ಮ ಮಗನ ಕಿವಿಗೆ ಬೀಳುವಂತೆ ಆ ಮಾತು ಆಡಬಾರದು. ಅದನ್ನು ಯಜಮಾನರು ತಮ್ಮ ತಾಯಿಗೆ ಖಡಾಖಂಡಿತವಾಗಿ ಹೇಳಬೇಕು.

ಇನ್ನು ರಿಪೋರ್ಟು. ಜೀನಿನ ಬರಹವನ್ನು ದೇಹ ಮೂರು ಮೂರು ಅಕ್ಷರ ಸೇರಿಸಿ ಓದುತ್ತದೆ. ‘ಅವನು ಬೆಳಗೆ ಹೊಲಕೆ ಹೊರಟ’ ಎಂಬ ವಾಕ್ಯ ನೋಡಿ, ಪ್ರತಿ ಪದಕ್ಕೂ ಮೂರೇ ಅಕ್ಷರ. ಇದರಲ್ಲಿ ‘ಬೆಳಗೆ’ ಪೂರ್ತಿ ಹೋದರೆ ‘ಅವನು ಹೊಲಕೆ ಹೊರಟ’ ಉಳಿಯುತ್ತದೆ; ವಾಕ್ಯ ಚಿಕ್ಕದಾದರೂ ಅರ್ಥ ಕೆಟ್ಟಿಲ್ಲ. ‘ಬೆ’ ಒಂದೇ ಅಕ್ಷರ ಹೋದರೆ ‘ಅವನು ಳಗೆಹೊ ಲಕೆಹೊ ರಟ’ ಆಗುತ್ತದೆ. ಅಲ್ಲಿಂದ ಮುಂದೆ ಎಲ್ಲವೂ ಗೊಂದಲ. ನಿಮ್ಮ ಮಗನಲ್ಲಿ 45ರಿಂದ 50ರವರೆಗಿನ ಆರು ಎಕ್ಸಾನ್‌ಗಳಿಲ್ಲ. ಅವುಗಳ ಒಟ್ಟು ಉದ್ದ 871 ಅಕ್ಷರ. ಮೂರರಿಂದ ಭಾಗಿಸಿದರೆ ಒಂದು ಉಳಿಯುತ್ತದೆ. ಆ ಒಂದು ಅಕ್ಷರದಿಂದ ಓದು ಹಳಿ ತಪ್ಪಿದೆ, ಡಿಸ್ಟ್ರೋಫಿನ್ ತಯಾರಾಗುತ್ತಿಲ್ಲ. ಶೇಷವಿಲ್ಲದೆ ಭಾಗವಾಗುವಂತೆ ಕಳೆದುಹೋದವರಿಗೆ ಸಾಮಾನ್ಯವಾಗಿ ಬರುವುದು ಬೆಕರ್ ಎಂಬ ಇದೇ ಜಾತಿಯ ಸೌಮ್ಯ ಕಾಯಿಲೆ.

ಡಿಸ್ಟ್ರೋಫಿನ್ ಮಾಡುವ ಕೆಲಸ ನಿಮ್ಮ ತೋಟದಲ್ಲೇ ಇದೆ. ಸಿಲ್ವರ್ ಮರಕ್ಕೆ ಮೆಣಸಿನ ಬಳ್ಳಿಯನ್ನು ಕಟ್ಟಿದ ಹಗ್ಗ ಬಿಚ್ಚಿದರೆ ಪ್ರತಿ ಗಾಳಿಗೂ ಬಳ್ಳಿ ಜಗ್ಗಿ ಸೀಳುತ್ತದಲ್ಲ, ಹಾಗೆ ಸ್ನಾಯುವಿನ ಎಳೆಯನ್ನು ಅದರ ಹೊರಪೊರೆಗೆ ಕಟ್ಟಿಡುವ ಹಗ್ಗ ಇದು. ಹಗ್ಗವಿಲ್ಲದ ಸ್ನಾಯು ಪ್ರತಿ ಸಲ ಬಿಗಿದಾಗಲೂ ಪೊರೆ ಹರಿಯುತ್ತದೆ, ಒಳಗಿನ ಸಿಪಿಕೆ ಎಂಬ ಕಿಣ್ವ ರಕ್ತಕ್ಕೆ ಸೋರುತ್ತದೆ. ಸಾಮಾನ್ಯವಾಗಿ 200ರ ಒಳಗಿರಬೇಕಾದ ಸಿಪಿಕೆ ಈ ಹುಡುಗರಲ್ಲಿ ಹತ್ತು ಸಾವಿರ, ಇಪ್ಪತ್ತು ಸಾವಿರ ಇರುತ್ತದೆ.

ಸಿಪಿಕೆ ಜೊತೆಗೆ ಎಸ್‌ಜಿಪಿಟಿ, ಎಸ್‌ಜಿಒಟಿ ಕೂಡ ಸೋರುತ್ತವೆ. ಈ ಕಿಣ್ವಗಳು ಯಕೃತ್ತಿನಲ್ಲಿ ಇರುವಂತೆ ಸ್ನಾಯುವಿನಲ್ಲೂ ಇರುತ್ತವೆ. ನೀವು ಕಾಮಾಲೆ ಎಂದುಕೊಂಡದ್ದು ಇದನ್ನೇ. ಕಣ್ಣು ಹಳದಿಯಾಗದೆ, ಬಿಲಿರುಬಿನ್ ಏರದೆ ಈ ಎರಡೇ ಹೆಚ್ಚಿದ್ದರೆ ಸಿಪಿಕೆ ನೋಡಬೇಕು. ಯಕೃತ್ತೇ ಎಂಬ ಅನುಮಾನವಿದ್ದರೆ ಜಿಜಿಟಿ ಎಂಬ ಇನ್ನೊಂದು ಕಿಣ್ವ ನೋಡಿದರೆ ತಿಳಿಯುತ್ತದೆ, ಯಾಕೆಂದರೆ ಅದು ಸ್ನಾಯುವಿನಿಂದ ಬರುವುದಿಲ್ಲ. ಈ ತಪ್ಪು ದೊಡ್ಡ ದೊಡ್ಡ ಊರುಗಳಲ್ಲೂ ಆಗುತ್ತದೆ. ಮುಂದೆಯೂ ಯಾವುದೋ ಜ್ವರಕ್ಕೆ ರಕ್ತಪರೀಕ್ಷೆ ಮಾಡಿದ ಹೊಸ ವೈದ್ಯರು ‘ಲಿವರ್ ಕೆಟ್ಟಿದೆ’ ಎಂದು ಗಾಬರಿಪಡಿಸಬಹುದು. ‘ಡಿಎಂಡಿ ಇದೆ, ಅದು ಸ್ನಾಯುವಿನಿಂದ ಬಂದದ್ದು’ ಎಂದು ನೀವೇ ಹೇಳಬೇಕಾಗುತ್ತದೆ.

ಹೊಡೆದದ್ದರ ಬಗ್ಗೆ ಬರೆದಿದ್ದೀರಿ. ಆ ಸಾಲು ಬರೆಯಲು ಎಷ್ಟು ಸಂಕಟಪಟ್ಟಿರಿ ಎಂಬುದು ನಮಗೆ ಅರ್ಥವಾಗುತ್ತದೆ. ಈ ಕಾಯಿಲೆ ಹುಟ್ಟಿದ ದಿನ ಕಾಣುವುದಿಲ್ಲ. ಮಗು ತುಂಬಿದ ಮೀನಖಂಡಗಳೊಂದಿಗೆ ಗಟ್ಟಿಮುಟ್ಟಾಗಿಯೇ ಕಾಣುತ್ತದೆ. ನೆಲದಿಂದ ಏಳುವಾಗ ಮೊದಲು ಬೋರಲಾಗಿ, ಕೈ ನೆಲಕ್ಕೂರಿ, ಆಮೇಲೆ ಒಂದೊಂದೇ ಕೈ ಮೊಣಕಾಲಿಗೆ, ತೊಡೆಗೆ ಒತ್ತಿ, ತನ್ನ ಮೈಯನ್ನು ತಾನೇ ಏಣಿಯಂತೆ ಹತ್ತಿ ನಿಲ್ಲುವುದನ್ನು ಮನೆಯವರು ಎಷ್ಟೋ ತಿಂಗಳು ‘ಅವನು ಏಳೋದೇ ಹಾಗೆ’ ಅಂದುಕೊಂಡಿರುತ್ತಾರೆ. ಮೊದಲ ಲಕ್ಷಣದಿಂದ ಕಾಯಿಲೆಯ ಹೆಸರು ಸಿಗುವವರೆಗೆ ಎರಡು ವರ್ಷ ಹೋಗುವುದು ಮುಂದುವರಿದ ದೇಶಗಳಲ್ಲೂ ಸಾಮಾನ್ಯ. ಮಗನಿಗೆ ಒಂದು ಮಾತು ಹೇಳಿ: ‘ನಿನ್ನ ಕಾಲಿಗೆ ಕಷ್ಟ ಆಗ್ತಿತ್ತು ಅಂತ ಅಮ್ಮಂಗೆ ಗೊತ್ತಿರಲಿಲ್ಲ ಕಂದ. ಬೈದದ್ದು, ಹೊಡೆದದ್ದು ತಪ್ಪಾಯ್ತು.’ ಆರು ವರ್ಷದ ಮಗುವಿಗೆ ಇದು ಪೂರ್ತಿ ಅರ್ಥವಾಗುತ್ತದೆ. ನಿಮಗೂ ಎದೆಯ ಭಾರ ಸ್ವಲ್ಪ ಇಳಿಯುತ್ತದೆ.

ಅವನಿಗೆ ಕಾಯಿಲೆಯ ಹೆಸರನ್ನೂ ಹೇಳಿ. ‘ನಿನ್ನ ಸ್ನಾಯುಗಳಿಗೆ ಬೇಗ ಸುಸ್ತಾಗುತ್ತೆ. ಅದಕ್ಕೆ ಡುಶೆನ್ ಅಂತಾರೆ. ಯಾರಿಗೂ ಅಂಟಲ್ಲ. ನೀನು ಏನೋ ಮಾಡಿದ್ದಕ್ಕೆ ಬಂದದ್ದಲ್ಲ. ಏನು ಬೇಕಾದರೂ ಕೇಳು.’ ಈ ವಯಸ್ಸಿಗೆ ಇಷ್ಟು ಸಾಕು. ಅವನು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ, ಸುಳ್ಳು ಹೇಳಬೇಡಿ. ಹಿರಿಯರು ತಪ್ಪುವುದು ಇನ್ನೊಂದು ಕಡೆ: ಬಸ್ಸಿನಲ್ಲಿ, ಮದುವೆಮನೆಯಲ್ಲಿ ಮಗುವನ್ನು ತೊಡೆಯ ಮೇಲೇ ಕೂರಿಸಿಕೊಂಡು ‘ಎಷ್ಟು ವರ್ಷ ಬದುಕ್ತಾನಂತೆ?’ ಎಂದು ಕೇಳುವವರಿಗೆ ಉತ್ತರ ಕೊಡುತ್ತಾ ಕೂರುತ್ತಾರೆ. ಮಗು ಕಿಟಕಿ ನೋಡುತ್ತಿದ್ದರೂ ಕಿವಿ ಇಲ್ಲೇ ಇರುತ್ತದೆ.

ಯಜಮಾನರ ವಿಷಯಕ್ಕೆ ಬರೋಣ. ಒಂದೇ ಸುದ್ದಿ ಕೇಳಿದ ಇಬ್ಬರು ಒಂದೇ ವೇಗದಲ್ಲಿ ದುಃಖಿಸುವುದಿಲ್ಲ. ಒಬ್ಬರು ಅಳುತ್ತಾರೆ, ಮಾತು ಬೇಕು ಅನ್ನುತ್ತಾರೆ. ಇನ್ನೊಬ್ಬರು ಏನಾದರೂ ಮಾಡಲೇಬೇಕು ಎಂದು ಓಡಾಡುತ್ತಾರೆ, ಮಾತು ಬಿಡುತ್ತಾರೆ. ‘ಇವರಿಗೆ ಮಗನ ಮೇಲೆ ಚಿಂತೆಯೇ ಇಲ್ಲ’ ಎಂದು ಒಬ್ಬರಿಗೆ, ‘ಇವಳು ಅಳುವುದು ಬಿಟ್ಟು ಏನೂ ಮಾಡುವುದಿಲ್ಲ’ ಎಂದು ಇನ್ನೊಬ್ಬರಿಗೆ ಅನ್ನಿಸುತ್ತದೆ. ಇಬ್ಬರದ್ದೂ ಒಂದೇ ನೋವು. ರಾತ್ರಿ ಮೊಬೈಲು ಹಿಡಿದು ಕೂತವರನ್ನು ‘ಬಿಡಿ ಅದನ್ನ’ ಅನ್ನುವ ಬದಲು ‘ಇವತ್ತು ಏನು ಸಿಕ್ಕಿತು, ನನಗೂ ತೋರಿಸಿ’ ಅನ್ನಿ. ಒಂದು ನೋಟ್‌ಬುಕ್ ಇಡಿ. ಅವರು ಓದಿದ ಪ್ರತಿ ಔಷಧಿಯ ಹೆಸರು ಅದರಲ್ಲಿ ಬರೆಯಲಿ. ಮುಂದಿನ ಭೇಟಿಯಲ್ಲಿ ವೈದ್ಯರ ಮುಂದಿಟ್ಟು ಒಂದೊಂದಾಗಿ ಕೇಳಲಿ. ಹುಡುಕಾಟಕ್ಕೆ ಒಂದು ದಾರಿ ಆಗುತ್ತದೆ, ಮಾತಿಗೂ ಒಂದು ನೆಪ ಸಿಗುತ್ತದೆ.

ಅವರಿಗೆ ಏನು ಸಿಕ್ಕಿರಬಹುದು ಎಂದೂ ಹೇಳುತ್ತೇವೆ. 45–50 ಇಲ್ಲದವರಿಗೆ 51ನೇ ಎಕ್ಸಾನನ್ನೂ ಹಾರಿಸಿ ಓದಿಸಿದರೆ ಓದು ಮತ್ತೆ ಹಳಿಗೆ ಬರುತ್ತದೆ: 871ಕ್ಕೆ 51ರ 233 ಸೇರಿದರೆ 1,104, ಮೂರರಿಂದ ಶೇಷವಿಲ್ಲದೆ ಭಾಗವಾಗುತ್ತದೆ. ಈ ಲೆಕ್ಕದ ಮೇಲೇ ತಯಾರಾದ ಎಟೆಪ್ಲಿರ್ಸೆನ್ ಎಂಬ ಔಷಧಿಗೆ ಅಮೆರಿಕ 2016ರಲ್ಲಿ ಷರತ್ತಿನ ಅನುಮತಿ ಕೊಟ್ಟಿತು. ಯುರೋಪಿನ ಔಷಧ ಸಂಸ್ಥೆ ಪುರಾವೆ ಸಾಲದೆಂದು 2018ರಲ್ಲಿ ನಿರಾಕರಿಸಿತು. ವಾರವಾರ ರಕ್ತನಾಳದ ಮೂಲಕ ಕೊಡಬೇಕಾದ ಇದರಿಂದ ತಯಾರಾಗುವ ಡಿಸ್ಟ್ರೋಫಿನ್ ಬಹಳ ಅಲ್ಪ. 2023ರ ಜೂನ್‌ನಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಜೀನ್ ಚಿಕಿತ್ಸೆ ಎಲೆವಿಡಿಸ್‌ನ ಬೆಲೆ 32 ಲಕ್ಷ ಡಾಲರ್. ನಡೆಯುವ ಶಕ್ತಿ ಕಳೆದುಕೊಂಡಿದ್ದ ಇಬ್ಬರು ಹುಡುಗರು ಅದನ್ನು ಪಡೆದ ಮೇಲೆ ಯಕೃತ್ತು ಕೈಕೊಟ್ಟು ತೀರಿಕೊಂಡದ್ದು 2025ರಲ್ಲಿ ಸುದ್ದಿಯಾಯಿತು. ವಿಜ್ಞಾನ ನಡೆಯುತ್ತಿದೆ, ಆಸೆ ಇಟ್ಟುಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ತೋಟ ಅಡವಿಟ್ಟು ತರಬೇಕಾದ ಔಷಧಿ ಇವತ್ತಿಗೆ ಯಾವುದೂ ಇಲ್ಲ.

ಒಂದು ವಿಷಯದಲ್ಲಿ ಮಾತ್ರ ನಾವು ಕಟ್ಟುನಿಟ್ಟು. ಲಕ್ಷಗಟ್ಟಲೆ ತೆಗೆದುಕೊಂಡು ‘ಸ್ಟೆಮ್ ಸೆಲ್’ ಹಾಕುತ್ತೇವೆ ಅನ್ನುವವರ ಹತ್ತಿರ ಹೋಗಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ ಇಂಥ ಕಾಯಿಲೆಗೆ ಅದನ್ನು ಪ್ರಯೋಗದಲ್ಲಿ ಮಾತ್ರ ಬಳಸಬಹುದು, ಪ್ರಯೋಗಕ್ಕೆ ರೋಗಿಯಿಂದ ಹಣ ಪಡೆಯುವಂತಿಲ್ಲ. ಹೆಸರಿಲ್ಲದ ಪುಡಿ, ಲೇಹ್ಯಗಳೂ ಬೇಡ. ಅವುಗಳಲ್ಲಿ ಕೆಲವಕ್ಕೆ ಗುಟ್ಟಾಗಿ ಸ್ಟೀರಾಯ್ಡ್ ಬೆರೆಸಿರುತ್ತಾರೆ. ಮಗು ಮೊದಲೇ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಅದು ಎರಡರಷ್ಟಾಗುತ್ತದೆ.

ಈಗ ನಿಜವಾಗಿ ಉಪಯೋಗಕ್ಕೆ ಬರುವ ಮದ್ದು. ಸ್ಟೀರಾಯ್ಡ್ ಕಾಯಿಲೆಯನ್ನು ವಾಸಿ ಮಾಡುವುದಿಲ್ಲ, ನಡೆಯುವುದು ನಿಲ್ಲುವ ದಿನವನ್ನು ಸುಮಾರು ಎರಡು-ಮೂರು ವರ್ಷ ಮುಂದಕ್ಕೆ ಹಾಕುತ್ತದೆ, ಬೆನ್ನು ಸೊಟ್ಟಗಾಗುವುದನ್ನು, ಉಸಿರಾಟ ದುರ್ಬಲವಾಗುವುದನ್ನು ತಡಮಾಡುತ್ತದೆ. ನಿಮ್ಮ ಮಗನ ವಯಸ್ಸು ಅದನ್ನು ಶುರು ಮಾಡುವ ವಯಸ್ಸೇ. ದಿನಕ್ಕೆ ಪ್ರತಿ ಕೆ.ಜಿ.ಗೆ ಪ್ರೆಡ್ನಿಸೋಲೋನ್ 0.75 ಮಿ.ಗ್ರಾಂ ಅಥವಾ ಡೆಫ್ಲಾಜಾಕಾರ್ಟ್ 0.9 ಮಿ.ಗ್ರಾಂ ಎನ್ನುವುದು ಸಾಮಾನ್ಯ ಲೆಕ್ಕ; 18 ಕೆ.ಜಿ.ಗೆ ಮೊದಲನೆಯದು 13.5, ಎರಡನೆಯದು ಸುಮಾರು 16 ಮಿ.ಗ್ರಾಂ. ಇದು ನೀವೇ ಅಂಗಡಿಯಿಂದ ತಂದು ಶುರು ಮಾಡಲಿಕ್ಕಲ್ಲ, ವೈದ್ಯರ ಚೀಟಿಯಲ್ಲಿರುವ ಅಂಕಿ ಅರ್ಥವಾಗಲಿ ಎಂದು. ಬೆಳಿಗ್ಗೆ ತಿಂಡಿ ಆದ ಮೇಲೆ ಕೊಡಬೇಕು. ಶುರು ಮಾಡುವ ಮುಂಚೆ ಬಾಕಿ ಇರುವ ಲಸಿಕೆಗಳನ್ನು ಮುಗಿಸಿ. ಮುಖ್ಯವಾಗಿ ದಡಾರ-ರುಬೆಲ್ಲಾ ಮತ್ತು ಸರ್ಕಾರಿ ಪಟ್ಟಿಯಲ್ಲಿಲ್ಲದ ಚಿಕನ್‌ಪಾಕ್ಸ್ ಲಸಿಕೆ: ಇವು ಜೀವಂತ ಲಸಿಕೆಗಳು, ಪೂರ್ಣ ಪ್ರಮಾಣದ ಸ್ಟೀರಾಯ್ಡ್ ಮೇಲೆ ಇರುವಾಗ ಕೊಡುವಂತಿಲ್ಲ.

ಮಗುವಿಗೆ ಹಸಿವು ಜೋರಾಗುತ್ತದೆ, ಮುಖ ಊದುತ್ತದೆ, ಸಿಟ್ಟು ಬರುತ್ತದೆ, ಎತ್ತರ ನಿಧಾನವಾಗುತ್ತದೆ. ನೆಂಟರು ಊದಿದ ಮುಖ ನೋಡಿ ‘ಮಾತ್ರೆ ನಿಲ್ಲಿಸಿ’ ಅನ್ನುತ್ತಾರೆ. ಇಲ್ಲೇ ಅಪಾಯ. ಕೆಲವು ವಾರ ಸ್ಟೀರಾಯ್ಡ್ ತೆಗೆದುಕೊಂಡ ದೇಹ ತನ್ನದೇ ಹಾರ್ಮೋನು ಮಾಡುವುದನ್ನು ಕಡಿಮೆ ಮಾಡಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ, ಇಲ್ಲವೇ ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಾಗಬಹುದು. ವಾಂತಿ ನಿಲ್ಲದಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ ‘ದಿನಾ ಸ್ಟೀರಾಯ್ಡ್ ತೆಗೆದುಕೊಳ್ಳುವ ಮಗು’ ಎಂದು ಮೊದಲ ಮಾತಿನಲ್ಲೇ ಹೇಳಿ. ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಬೇಕಾಗಬಹುದು. ಹಸಿವಿಗೆ ಚಿಪ್ಸು, ಬೇಕರಿ ತಿಂಡಿ ಕೊಡಬೇಡಿ. ಚಿಕ್ಕ ರಾಗಿ ಮುದ್ದೆ, ಸೊಪ್ಪಿನ ಸಾರು, ಮೊಸರು, ಮೊಟ್ಟೆ ಒಳ್ಳೆಯದು. ರಾಗಿ, ಮೊಸರಿನಲ್ಲಿರುವ ಸುಣ್ಣದ ಅಂಶ (ಕ್ಯಾಲ್ಸಿಯಂ) ಮೂಳೆಗೂ ಬೇಕು. ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ. ಏರಿದ ಪ್ರತಿ ಕೆ.ಜಿ.ಯನ್ನೂ ಆ ದುರ್ಬಲ ಕಾಲುಗಳೇ ಹೊರಬೇಕು, ಮುಂದೆ ಎತ್ತುವ ನಿಮ್ಮ ಸೊಂಟವೂ ಹೊರಬೇಕು.

ದಿನಾ ಮನೆಯಲ್ಲಿ ಮಾಡಬೇಕಾದದ್ದು ಹಿಮ್ಮಡಿಯ ನರ ಎಳೆಯುವ ವ್ಯಾಯಾಮ. ಮಗು ಅಂಗಾತ ಮಲಗಲಿ. ಒಂದು ಕೈ ಮೊಣಕಾಲಿನ ಮೇಲಿಟ್ಟು ಕಾಲು ನೇರವಾಗಿಡಿ. ಇನ್ನೊಂದು ಅಂಗೈಯಲ್ಲಿ ಹಿಮ್ಮಡಿ ಹಿಡಿದು, ನಿಮ್ಮ ಮುಂಗೈ ಅವನ ಅಂಗಾಲಿಗೆ ತಾಗುವಂತೆ ಒರಗಿಸಿ, ಪಾದವನ್ನು ನಿಧಾನವಾಗಿ ಅವನ ಮುಖದ ಕಡೆಗೆ ತಳ್ಳಿ. ಎಳೆತ ತಿಳಿಯಬೇಕು, ನೋಯಬಾರದು. 15ರಿಂದ 30 ಎಣಿಸುವವರೆಗೆ ಹಿಡಿದು ಬಿಡಿ. ಒಂದೊಂದು ಕಾಲಿಗೆ ಹತ್ತು ಸಲ, ವಾರಕ್ಕೆ ಐದಾರು ದಿನ. ಬೆರಳುಗಳನ್ನು ಹಿಡಿದು ತಳ್ಳುವುದು ಎಲ್ಲರೂ ಮಾಡುವ ತಪ್ಪು. ಆಗ ಪಾದದ ಮಧ್ಯ ಬಗ್ಗುತ್ತದೆಯೇ ಹೊರತು ಹಿಮ್ಮಡಿಯ ನರ ಎಳೆಯುವುದಿಲ್ಲ. ಹಾಸನದ ಹಿಮ್ಸ್ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಯವರಿಂದ ಒಮ್ಮೆ ಕೈ ಹಿಡಿಸಿಕೊಂಡು ಕಲಿಯಿರಿ. ಇದನ್ನು ಯಜಮಾನರ ಕೆಲಸ ಮಾಡಿ. ಮಲಗುವ ಮುಂಚೆ ಹದಿನೈದು ನಿಮಿಷ ಮಗನ ಕಾಲು ಹಿಡಿದು ಕೂರುವವರಿಗೆ ಮೊಬೈಲಿಗಿಂತ ಇದು ಒಳ್ಳೆಯದು.

ಈ ಸ್ನಾಯುಗಳಿಗೆ ಹತ್ತುವುದಕ್ಕಿಂತ ಇಳಿಯುವುದು ಹೆಚ್ಚು ಹಾನಿ. ಮೆಟ್ಟಿಲಿಳಿಯುವಾಗ, ಕುಕ್ಕರುಗಾಲಲ್ಲಿ ಕೂರುವಾಗ ಸ್ನಾಯು ಬಿಗಿದುಕೊಂಡೇ ಉದ್ದವಾಗುತ್ತದೆ, ಪೊರೆ ಹೆಚ್ಚು ಹರಿಯುವುದು ಆಗಲೇ. ಹಾಗಾಗಿ ಶ್ರವಣಬೆಳಗೊಳಕ್ಕೆ ಹೋದರೆ ಬೆಟ್ಟದ ಮೆಟ್ಟಿಲು ಅವನ ಕಾಲಲ್ಲಿ ಬೇಡ, ಡೋಲಿಯಲ್ಲಿ ಹೋಗಲಿ. ಶಾಲೆಯಲ್ಲಿ ಬಸ್ಕಿ ಹೊಡೆಸುವುದಂತೂ ಕೂಡದು. ಮುಖ್ಯ ಶಿಕ್ಷಕರಿಗೆ ವೈದ್ಯರ ಪತ್ರದೊಂದಿಗೆ ಬರೆದು ಕೊಡಿ: ಬಸ್ಕಿ ಬೇಡ, ಓಟ ಬೇಡ, ತರಗತಿ ನೆಲಮಹಡಿಯಲ್ಲಿರಲಿ, ನೆಲದ ಬದಲು ಬೆಂಚು, ಪುಸ್ತಕಗಳ ಒಂದು ಜೊತೆ ಶಾಲೆಯಲ್ಲೇ ಇರಲಿ, ಶೌಚಕ್ಕೆ ಹೋಗುವಾಗ ಒಬ್ಬರು ಜೊತೆಗಿರಲಿ. ಡಿಸ್ಟ್ರೋಫಿನ್ ಮೆದುಳಿನಲ್ಲೂ ಕೆಲಸ ಮಾಡುವುದರಿಂದ ಕೆಲವು ಹುಡುಗರಿಗೆ ಓದು, ಗಮನ ನಿಧಾನ. ಅದನ್ನೂ ಸೋಮಾರಿತನ ಎಂದುಕೊಳ್ಳಬಾರದು.

ಮಲೆನಾಡಿನ ಮನೆಯಲ್ಲಿ ಹೊಸ್ತಿಲು ಎತ್ತರ, ಜಗಲಿ ಎತ್ತರ, ಮಳೆಗಾಲದಲ್ಲಿ ಅಂಗಳವೆಲ್ಲ ಪಾಚಿ. ಬಚ್ಚಲಿಗೆ ಹೋಗುವ ದಾರಿಗೆ ಜೂನ್ ಬರುವ ಮುಂಚೆಯೇ ಜಾರದ ಕಲ್ಲು, ಗೋಡೆಗೆ ಕಂಬಿ ಹಾಕಿಸಿ, ಶೌಚಕ್ಕೆ ಕಮೋಡ್ ಮಾಡಿಸಿ. ಕಾಲು ಮುರಿದರೆ ಉದ್ದಕ್ಕೆ ವಾರಗಟ್ಟಲೆ ಮಲಗಿಸಿಡಬಾರದು, ಎದ್ದು ನಡೆಯುವುದೇ ನಿಂತುಹೋಗಬಹುದು. ಮುರಿದ ಮೇಲೆ ಉಸಿರು ಕಟ್ಟಿದರೆ ಅಥವಾ ಮಗು ಮಂಕಾದರೆ ಒಂದು ಗಂಟೆಯೂ ಕಾಯಬೇಡಿ. ಹೃದಯದ ಎಕೋ ಈಗ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಆಗಲೇಬೇಕು, ಏನೂ ತೊಂದರೆ ಕಾಣದಿದ್ದರೂ. ಒಂದು ಚೀಟಿಯನ್ನು ಮಗನ ಶಾಲೆಯ ಚೀಲದಲ್ಲಿ, ಒಂದನ್ನು ನಿಮ್ಮಿಬ್ಬರ ಪರ್ಸಿನಲ್ಲಿ ಇಡಿ: ‘ಡಿಎಂಡಿ ಇದೆ. ದಿನಾ ಸ್ಟೀರಾಯ್ಡ್. ಅರಿವಳಿಕೆಗೆ ಸಕ್ಸಿನೈಲ್‌ಕೋಲಿನ್ ಕೊಡಬಾರದು, ಮೂಗಿನಿಂದ ಕೊಡುವ ಅರಿವಳಿಕೆ ಅನಿಲವೂ ಬೇಡ.’ ಹಲ್ಲು ಕೀಳಿಸಲು ಹೋದಾಗಲೂ ಅದನ್ನು ತೋರಿಸಿ.

ಕಾಗದಪತ್ರದ ಕೆಲಸ ಬೇಗ ಮುಗಿಸಿಬಿಡಿ. ಮಸ್ಕ್ಯುಲರ್ ಡಿಸ್ಟ್ರೋಫಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಒಂದು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಆನ್‌ಲೈನ್ ಅರ್ಜಿ ಹಾಕಿ ಜಿಲ್ಲಾಸ್ಪತ್ರೆಯಲ್ಲಿ ತಪಾಸಣೆ ಮಾಡಿಸಬೇಕು. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯ ಮೂರನೇ ಗುಂಪಿನಲ್ಲಿ ಡಿಎಂಡಿ ಇದೆ. ಅದರಡಿ ಗರಿಷ್ಠ 50 ಲಕ್ಷದವರೆಗೆ ನೆರವಿಗೆ ಅವಕಾಶವಿದ್ದು, ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಸೇರಿದ ಕೇಂದ್ರದ ಮೂಲಕ ಹೆಸರು ನೋಂದಾಯಿಸಬೇಕು. ನೋಂದಾಯಿಸಿದ ಕೂಡಲೇ ಹಣ ಬರುತ್ತದೆ ಎಂದುಕೊಳ್ಳಬೇಡಿ, ಆದರೂ ಹೆಸರಿರಲಿ.

ದುಃಖದ ಬಗ್ಗೆ ಒಂದು ಮಾತು, ಯಾಕೆಂದರೆ ಸ್ವಲ್ಪ ದಿನ ಕಳೆದರೆ ಮರೆಯುತ್ತದೆ ಎಂದು ಬಂದವರೆಲ್ಲ ಹೇಳುತ್ತಾರೆ. ಸಾವಿನ ದುಃಖಕ್ಕೆ ತಿಥಿ ಇದೆ, ವರ್ಷಾಂತಿಕ ಇದೆ. ಇದಕ್ಕೆ ಹಾಗಿಲ್ಲ. ಮಗ ನಿಮ್ಮೆದುರೇ ನಗುತ್ತಾ ಆಡುತ್ತಿರುತ್ತಾನೆ, ನೀವು ಒಳಗೇ ಅಳುತ್ತಿರುತ್ತೀರಿ. ಅಮೆರಿಕದ ಸೈಮನ್ ಒಲ್ಶಾನ್ಸ್ಕಿ ಎಂಬವರು ಬುದ್ಧಿ ಬೆಳವಣಿಗೆ ಕುಂಠಿತವಾದ ಮಕ್ಕಳ ತಂದೆತಾಯಿಗಳ ಇಂಥದೇ ದುಃಖವನ್ನು 1962ರಲ್ಲೇ ‘ಮುಗಿಯದ ದುಃಖ’ ಎಂಬ ಅರ್ಥದಲ್ಲಿ ಕರೆದು, ಅದು ರೋಗವಲ್ಲ, ಸಹಜ ಎಂದರು. ಅದು ತಣ್ಣಗಾಗುತ್ತದೆ, ಮತ್ತೆ ಏಳುತ್ತದೆ: ತಂಗಿ ಅಣ್ಣನಿಗಿಂತ ಜೋರಾಗಿ ಓಡಿದ ದಿನ, ಶಾಲೆಯ ಕ್ರೀಡಾಕೂಟದ ದಿನ, ಬಸ್ಸಿನ ಮೆಟ್ಟಿಲು ಹತ್ತಲಾಗದ ದಿನ, ಗಾಲಿಕುರ್ಚಿ ಮನೆಗೆ ಬಂದ ದಿನ. ಹಾಗೆ ಎದ್ದಾಗ ‘ಇಷ್ಟು ದಿನ ಗಟ್ಟಿಯಾಗಿದ್ದೆ, ಈಗ ಯಾಕೆ ಹೀಗೆ’ ಎಂದು ನಿಮ್ಮನ್ನು ನೀವೇ ಹಳಿದುಕೊಳ್ಳಬೇಡಿ. ಗಾಲಿಕುರ್ಚಿ ಬಂದ ಮೇಲೆ ಸುಸ್ತಿಲ್ಲದೆ ಗೆಳೆಯರ ಜೊತೆ ಇರಬಹುದು ಎಂದು ಹಿಗ್ಗುವ ಹುಡುಗರು ಎಷ್ಟೋ ಮಂದಿ. ಆ ದಿನ ಅಳುವವರು ಹೆಚ್ಚಾಗಿ ತಂದೆತಾಯಿ. ಹೃದಯ, ಉಸಿರಾಟದ ಆರೈಕೆ ಸರಿಯಾಗಿ ಸಿಕ್ಕವರು ಇಂದು ಇಪ್ಪತ್ತರ ಕೊನೆ, ಮೂವತ್ತರ ವಯಸ್ಸಿನವರೆಗೂ ಓದಿ, ಕೆಲಸ ಮಾಡಿ ಬಾಳುತ್ತಿದ್ದಾರೆ.

ಆದರೆ ಎರಡು ವಾರ ನಿದ್ದೆ, ಊಟ ಬಿಟ್ಟರೆ, ‘ಮಗನನ್ನೂ ಕರೆದುಕೊಂಡು ಹೋಗಿಬಿಡೋಣ’ ಎಂಬ ಯೋಚನೆ ಒಮ್ಮೆ ಬಂದರೂ, ನಿಮಗೇ ಆಗಲಿ ಯಜಮಾನರಿಗೇ ಆಗಲಿ, ಅವತ್ತೇ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಉಳಿದದ್ದು ನಿಮ್ಮ ತಂಗಿ ಮತ್ತು ಮಗಳು. ಮಗಳಿಗೆ ಈಗ ಪರೀಕ್ಷೆ ಬೇಡ. ಅವಳು ವಾಹಕಿಯೋ ಅಲ್ಲವೋ ತಿಳಿದರೆ ಈ ವಯಸ್ಸಿನಲ್ಲಿ ಅವಳಿಗೆ ಏನೂ ಉಪಯೋಗವಿಲ್ಲ, ಊರಿನ ಬಾಯಿಗೆ ಒಂದು ಹಣೆಪಟ್ಟಿ ಸಿಗುತ್ತದೆ ಅಷ್ಟೇ. 18 ತುಂಬಿದ ಮೇಲೆ ಅವಳೇ ತೀರ್ಮಾನಿಸಲಿ. ವಿಷಯವನ್ನು ಮಾತ್ರ ಬೆಳೆಯುತ್ತಾ ಬಂದಂತೆ ಮುಚ್ಚಿಡದೆ ಹೇಳಿ.

ತಂಗಿಗೆ ಹೇಳಬೇಕು. ಆದರೆ ಮೊದಲು ನಿಮ್ಮ ಪರೀಕ್ಷೆ. ಮಗನ ರಿಪೋರ್ಟಿನ ಪ್ರತಿಯನ್ನು ತೆಗೆದುಕೊಂಡು ಹೋಗಿ. ಅದೇ 45–50 ಭಾಗವನ್ನು ನಿಮ್ಮ ರಕ್ತದಲ್ಲಿ ಎಂಎಲ್‌ಪಿಎ ವಿಧಾನದಿಂದ ನೋಡುತ್ತಾರೆ. ಬರೀ ಸಿಪಿಕೆ ಮಾಡಿಸಿ ‘ನಾರ್ಮಲ್ ಇದೆ, ನೀವು ವಾಹಕಿಯಲ್ಲ’ ಎಂದರೆ ಒಪ್ಪಬೇಡಿ, ವಾಹಕಿಯರಲ್ಲಿ ಬಹಳ ಮಂದಿಗೆ ಸಿಪಿಕೆ ಸರಿಯಾಗಿಯೇ ಇರುತ್ತದೆ. ರಕ್ತದಲ್ಲಿ ಸಿಗದಿದ್ದರೆ ತಂಗಿಗೆ ಆತಂಕವಿಲ್ಲ, ಅವಳಿಗೆ ಪರೀಕ್ಷೆಯೂ ಬೇಡ. ಆದರೆ ನಿಮ್ಮ ಅಂಡಾಣುಗಳಲ್ಲಿ ಕೆಲವಕ್ಕೆ ಮಾತ್ರ ಬದಲಾವಣೆ ಇರುವ ಸಾಧ್ಯತೆ ಉಳಿಯುವುದರಿಂದ, ನೀವು ಇನ್ನೊಂದು ಮಗು ಬೇಕೆಂದರೆ ಗರ್ಭದಲ್ಲಿ ಪರೀಕ್ಷೆ ಮಾಡಿಸಲೇಬೇಕು. ರಕ್ತದಲ್ಲಿ ಸಿಕ್ಕರೆ ನೀವು ವಾಹಕಿ. ಆಗ ನಿಮ್ಮ ಹೃದಯಕ್ಕೂ ಎಕೋ ಮಾಡಿಸಿ, ಕೆಲವು ವರ್ಷಗಳಿಗೊಮ್ಮೆ ಮತ್ತೆ ನೋಡಿಸಿಕೊಳ್ಳಿ. ವಾಹಕಿಯರಲ್ಲಿ ಕೆಲವರ ಹೃದಯದ ಸ್ನಾಯು ದುರ್ಬಲವಾಗುತ್ತದೆ. ತಂಗಿಗೂ ಪರೀಕ್ಷೆ ಬೇಕು. ನಿಮ್ಮ ತಾಯಿಯೂ ವಾಹಕಿಯಾಗಿದ್ದರೆ ತಂಗಿ ವಾಹಕಿಯಾಗಿರುವ ಸಂಭವ ಎರಡರಲ್ಲಿ ಒಂದು.

ತಂಗಿ ವಾಹಕಿ ಎಂದು ಬಂದರೂ ಮದುವೆಗೆ ಅಡ್ಡಿಯೇನಿಲ್ಲ. ಅವಳ ಪ್ರತಿ ಬಸಿರಿನಲ್ಲಿ ಗಂಡುಮಗುವಾದರೆ ಕಾಯಿಲೆ ಬರುವ, ಹೆಣ್ಣಾದರೆ ವಾಹಕಿಯಾಗುವ ಸಂಭವ ಅರ್ಧಕ್ಕರ್ಧ. 11ರಿಂದ 13 ವಾರದಲ್ಲಿ ಕೋರಿಯಾನಿಕ್ ವಿಲ್ಲಸ್ ಪರೀಕ್ಷೆ (ಮಾಸುವಿನ ಚೂರು ತೆಗೆದು ನೋಡುವುದು), ಅದು ತಪ್ಪಿದರೆ 16 ವಾರದ ಮೇಲೆ ಗರ್ಭಜಲದ ಪರೀಕ್ಷೆ ಮಾಡಿಸಬಹುದು. ಬರೀ ಗಂಡೋ ಹೆಣ್ಣೋ ಎಂದು ತಿಳಿಯುವುದು 1994ರ ಕಾಯ್ದೆಯಂತೆ ಅಪರಾಧ. ಡಿಎಂಡಿಯಂಥ ಲಿಂಗಸಂಬಂಧಿ ಕಾಯಿಲೆಯ ಪತ್ತೆಗೆ ಅದೇ ಕಾಯ್ದೆ ನೋಂದಾಯಿತ ಕೇಂದ್ರಗಳಲ್ಲಿ ಅವಕಾಶ ಕೊಟ್ಟಿದೆ.

ವರದಿ ಬರಲು ಕೆಲವು ವಾರ ಹಿಡಿಯುತ್ತದೆ, ಹಾಗಾಗಿ ಮಾರ್ಚ್ ದೂರವಿಲ್ಲ. ಈ ವಾರವೇ ರಕ್ತ ಕೊಡಿ. ತಂಗಿಗೆ ಫೋನಿನಲ್ಲಿ ಹೇಳಬೇಡಿ, ತಾಯಿಯ ಬಾಯಿಂದ ಹೇಳಿಸಬೇಡಿ. ಮದುವೆ ಬಟ್ಟೆ, ಜವಳಿಯ ಗದ್ದಲವಿಲ್ಲದ ಒಂದು ಮಧ್ಯಾಹ್ನ ತವರಿಗೆ ಹೋಗಿ, ಅವಳೊಬ್ಬಳನ್ನೇ ಹಿತ್ತಿಲಿಗೆ ಕರೆದುಕೊಂಡು ಹೋಗಿ ಹೇಳಿ: ‘ನನ್ನ ಪರೀಕ್ಷೆ ಆಗಿದೆ, ಹೀಗೆ ಬಂದಿದೆ. ನೀನೂ ಮಾಡಿಸ್ಕೊಬಹುದು, ನಾನು ಜೊತೆಗೆ ಬರ್ತೀನಿ.’ ಪರೀಕ್ಷೆ ಮಾಡಿಸಿಕೊಳ್ಳುವುದು, ಬಂದ ಫಲಿತಾಂಶವನ್ನು ಗಂಡಿನ ಕಡೆಯವರಿಗೆ ಯಾವಾಗ, ಹೇಗೆ ಹೇಳುವುದು, ಎರಡೂ ಅವಳ ತೀರ್ಮಾನ. ಅವಳ ವರದಿ ಅವಳ ಕೈಗೇ ಕೊಡಿ ಎಂದು ಪ್ರಯೋಗಾಲಯದವರಿಗೆ ಮೊದಲೇ ಹೇಳಿಡಿ.